ರಾಶಿಯೊಳಗೆ ಕೈ ಹಾಕಿ ನೋಡಲಿ

ಪ್ರವಾದಿವರ್ಯರು(ಸ) ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದರು. ಒಳಗೆ ಒದ್ದೆಯಿತ್ತು. ಮಳೆಗೆ ನೆನೆಯಿತೆಂದ ವ್ಯಾಪಾರಿಯೊಡನೆ, ಜನರಿಗೆ ಕಾಣುವಂತೆ ಅದನ್ನು ಮೇಲೆಯೇ ಇಡಬಾರದಿತ್ತೇ ಎಂದು ಕೇಳಿದರು, ವಂಚಿಸುವವನು ನಮ್ಮವನಲ್ಲವೆಂದರು.

ಇಂದು ಆ ಪೇಟೆ ನಮ್ಮ ಮಕ್ಕಳ ಮೊಬೈಲಿನೊಳಗಿದೆ. ಆಟದ ನಡುವಿನ 'ಉಚಿತ ನಾಣ್ಯ', ಮೆಚ್ಚಿನ ಯೂಟ್ಯೂಬರ್ ಹಣ ಪಡೆದು ಹೊಗಳುವ ತಿಂಡಿ - ಇವೂ ಜಾಹೀರಾತೆಂದು ಮಗುವಿಗೆ ತಿಳಿಯದು.

ಮಗ್ರಿಬ್ ನಮಾಝಿನ ಬಳಿಕ ಜೊತೆಗೆ ಕುಳಿತು ನೋಡಿರಿ. 'ಸ್ಪಾನ್ಸರ್ಡ್' ಎಂಬ ಸಣ್ಣಕ್ಷರವನ್ನು ಮಗುವೇ ಹುಡುಕಲಿ. ಹಣ ಕೊಟ್ಟವರಾರು, ಮುಚ್ಚಿಟ್ಟದ್ದೇನು ಎಂದು ಕೇಳಲು ಕಲಿಯಲಿ. ಬಹುಮಾನದ ಆಸೆಗೆ ಫೋನ್ ನಂಬರ್, ಓಟಿಪಿ ಕೊಡದಿರಲಿ.

ತಪ್ಪಿ ಒತ್ತಿಬಿಟ್ಟೆನೆಂದು ಮಗು ಬಂದು ಹೇಳಿದರೆ ಗದರಿಸಬೇಡಿರಿ. ಹೆದರಿದ ಮಗು ಮುಚ್ಚಿಡಲು ಕಲಿಯುತ್ತದೆ. ಆಗ ಒದ್ದೆ ಧಾನ್ಯದ ರಾಶಿ ನಮ್ಮ ಮನೆಯೊಳಗೇ ಬೀಳುತ್ತದೆ. ಈ ಅಮಾನತ್ತನ್ನು ಕಾಪಾಡುವ ತೌಫೀಕ್ ಅಲ್ಲಾಹನು ನೀಡಲಿ, ಆಮೀನ್.