ಇಂದಿನ ಚಿಂತನೆ: ಮೊದಲಿನ ಅಪ್ಪ



ಮೇಡ್ಲೇರಿಯ ಉಪಾಸಕಿಯೊಬ್ಬರ ತಂದೆಗೆ ಲಕ್ವಾ ಹೊಡೆದು ಮಾತು ನಿಂತಿದೆ, ಬಲಗೈ ಬಿದ್ದಿದೆ. ಮೊನ್ನೆ ಕೇಳಿದರು: "ಮಿದುಳು ಹೊಸದಾಗಿ ಬೆಳೆಸೋ ಗುಳಿಗಿ ಬರತೈತಂತ. ಬಂದ್ರ ನಮ್ಮಪ್ಪ ಮೊದಲಿನಂಗ ಆಗ್ತಾನೇನ್ರಿ?" ಗುಳಿಗೆ ಬರಲೆಂದು ಕೈಯ ವ್ಯಾಯಾಮವನ್ನೂ ನಿಲ್ಲಿಸಿದ್ದರು.

ಸುದ್ದಿ ಪೂರ್ತಿ ಸುಳ್ಳಲ್ಲ. ಮಿದುಳಿನೊಳಗೇ ಇರುವ ಆಕರಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಸಣ್ಣ ಅಣುವಿನ ಔಷಧ ಕೊಟ್ಟು ನರಕೋಶಗಳಾಗುವ ದಾರಿಗೆ ಹಚ್ಚಲು ವಿಜ್ಞಾನಿಗಳು ಪ್ರಯತ್ನಿಸುತ್ತಿದ್ದಾರೆ. ಸಕ್ಕರೆ ಕಾಯಿಲೆಗೆ ನಮ್ಮ ಮನೆಗಳಲ್ಲೇ ನುಂಗುವ ಮೆಟ್‌ಫಾರ್ಮಿನ್, ಇಲಿಗಳ ಮಿದುಳಿನಲ್ಲಿ ಹೊಸ ನರಕೋಶ ಹೆಚ್ಚಿಸಿತೆಂದು 2012ರಲ್ಲಿ ಕೆನಡಾದ ಟೊರಾಂಟೊ ಸಂಶೋಧಕರು ವರದಿ ಮಾಡಿದರು. ಲಕ್ವಾಕ್ಕೆ ಅದಿನ್ನೂ ಚಿಕಿತ್ಸೆಯಾಗಿಲ್ಲ. (ಯಾರೂ ಇದನ್ನೋದಿ ಮೆಡಿಕಲ್ ಶಾಪಿಗೆ ಹೋಗಬೇಡಿ!) ಸ್ಟೆಮ್ ಸೆಲ್ ಹಾಕುತ್ತೇವೆಂದು ಲಕ್ಷಗಟ್ಟಲೆ ಕೇಳುವವರೂ ಇದ್ದಾರೆ. ಮಿದುಳಿನ ಕಾಯಿಲೆಗೆ ಅದನ್ನು ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ ಕೊಡಬಹುದೆಂದು ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ.

ಆ ಗುಳಿಗೆ ನಾಳೆ ಬಂದೇ ಬಂತೆನ್ನೋಣ. ಹೊಸ ಕೋಶಕ್ಕೆ ಹಳೆಯ ನೆನಪಿರುವುದಿಲ್ಲ. ಸುತ್ತಲಿನ ಕೋಶಗಳ ಜೊತೆ ಅದು ಹೊಸದಾಗಿ ನಂಟು ಬೆಳೆಸಬೇಕು. ಅದಕ್ಕೂ ಮಾತು, ವ್ಯಾಯಾಮ, ದಿನನಿತ್ಯದ ರೂಢಿ ಬೇಕು. ಹಾಗೆ ಎದ್ದು ಕೂತವರು ಅದೇ ಅಪ್ಪನೋ, ಬೇರೆಯವರೋ? ಮಿಲಿಂದ ರಾಜ ಇಂಥದ್ದನ್ನೇ ಕೇಳಿದಾಗ ಭಂತೆ ನಾಗಸೇನರು ರಾತ್ರಿಯಿಡೀ ಉರಿಯುವ ದೀಪ ತೋರಿಸಿದರು. ಮೊದಲ ಜಾವದ ಜ್ವಾಲೆಯೂ ಕೊನೆಯ ಜಾವದ್ದೂ ಒಂದೇ ಅಲ್ಲ, ಬೇರೆಯೂ ಅಲ್ಲ.

ಈ ಉತ್ತರದಿಂದ ಮಗಳಿಗೆ ಸಮಾಧಾನವಾದೀತೇ ಎಂದು ನನಗೇ ಅನುಮಾನವಿತ್ತು. ಹಾಗಾಗಿ, "ಮೊದಲಿನ ಅಪ್ಪ ಅಂದ್ರ ಯಾವಾಗಿನ ಅಪ್ಪ, ತಂಗಿ?" ಎಂದು ಕೇಳಿದೆ. ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಒಯ್ದವರೋ, ಮದುವೆಯ ಸಾಲಕ್ಕೆ ಸಿಡುಕುತ್ತಿದ್ದವರೋ, ವಯಸ್ಸಾಗಿ ಮೆತ್ತಗಾದವರೋ? ಬಹಳ ಹೊತ್ತು ಸುಮ್ಮನಿದ್ದರು. ವಾಸಿಯಾಗಲಿ ಎಂಬ ಆಸೆಯಲ್ಲಿ ತಪ್ಪೇನಿಲ್ಲ, ಅದು ಕರುಣೆಯೇ. ಆದರೆ ಒಂದು ಕಾಲದ ಅಪ್ಪನನ್ನೇ ಹಿಡಿದು ಕೂತರೆ ಮಂಚದ ಮೇಲಿರುವ ಅಪ್ಪ ಕಾಣುವುದಿಲ್ಲ. ಇದು ಉಪಾದಾನ.

ಭೇದಿಯಾಗಿ ಹೊಲಸಿನಲ್ಲೇ ಬಿದ್ದಿದ್ದ ಭಿಕ್ಷುವಿನ ಕಥೆ ವಿನಯ ಪಿಟಕದಲ್ಲಿದೆ. ತನ್ನಿಂದ ಯಾರಿಗೂ ಉಪಯೋಗವಿಲ್ಲ, ಅದಕ್ಕೇ ಯಾರೂ ನೋಡಿಕೊಳ್ಳುತ್ತಿಲ್ಲ ಎಂದು ಅವನು ಹೇಳಿದ. ಭಗವಾನರು ಆನಂದರಿಂದ ನೀರು ತರಿಸಿ ತಾವೇ ಸುರಿದರು, ಆನಂದರು ಮೈ ತೊಳೆದರು.

ಮೇಡ್ಲೇರಿಯಲ್ಲಿ ವ್ಯಾಯಾಮ ಮತ್ತೆ ಶುರುವಾಗಿದೆ. ಬಲಗೈ ಇನ್ನೂ ಎದ್ದಿಲ್ಲ.