ಕಲ್ಯಾಣದಲ್ಲಿ ಹುಟ್ಟಿನ ಹಕ್ಕು

ಬಸವಕಲ್ಯಾಣದಲ್ಲಿ ದಸ್ತಾವೇಜು ಬರೆಯುವುದು ನನ್ನ ಕಾಯಕ. ಪಾಲುಪತ್ರ, ಖರೀದಿಪತ್ರ, ಹಕ್ಕು ಬಿಡುಗಡೆ ಪತ್ರ. ಆಸ್ತಿ ಯಾರದೆಂದು ದಿನವೂ ಬರೆಯುವವನನ್ನು ಊರ ಕೋಟೆ ಸುಮ್ಮನಿರಲು ಬಿಡುವುದಿಲ್ಲ.

ಇದು ಕಲ್ಯಾಣಿ ನವಾಬರ ಜಹಗೀರಿನ ಕೋಟೆ. ಸುತ್ತಲ ಹಳ್ಳಿಗಳ ಕಂದಾಯ ಅವರಿಗೇ ಸಲ್ಲುತ್ತಿತ್ತು. ಇಂಗ್ಲೆಂಡಿನ ಜಮೀನ್ದಾರಿ ಬಂಗಲೆಗಳಲ್ಲಿ ಮನೆ, ಭೂಮಿ ಎರಡೂ ಹಿರಿಯ ಮಗನಿಗೆ ಹೋಗುತ್ತಿದ್ದವು. ಆಸ್ತಿ ಒಡೆಯಬಾರದೆಂದು ಆ ಕಟ್ಟಳೆ. ಕಲ್ಯಾಣಿ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಾದರೋ ಜಹಗೀರು ಕಾನೂನಿನ ಪ್ರಕಾರ ಹಿಡಿದವನ ಜೀವಮಾನಕ್ಕೆ ಮಾತ್ರ. ಅವನು ತೀರಿಕೊಂಡರೆ ವಾರಸುದಾರ ನಿಜಾಮರಿಂದ ಮತ್ತೆ ಮಂಜೂರಿ ಪಡೆಯಬೇಕಿತ್ತು. ಇಷ್ಟು ದಪ್ಪ ಗೋಡೆಯೊಳಗಿದ್ದವರ ಒಡೆತನ ಇಷ್ಟೇ! 1949ರ ಆಗಸ್ಟಿನಲ್ಲಿ ಜಹಗೀರು ರದ್ದತಿ ಕಾನೂನು ಬಂದು ಅದೂ ಮುಗಿಯಿತು.

ಅದಕ್ಕೂ ಬಹಳ ಹಿಂದೆ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಇದೇ ಕಲ್ಯಾಣದ ಆಸ್ಥಾನದಲ್ಲಿ ಮಿತಾಕ್ಷರ ಎಂಬ ಧರ್ಮಶಾಸ್ತ್ರ ಗ್ರಂಥ ಬರೆದ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ಅವನ ತೀರ್ಮಾನ, ಬಂಗಾಳ, ಅಸ್ಸಾಂ ಬಿಟ್ಟರೆ ಹೆಚ್ಚುಕಡಿಮೆ ದೇಶದ ಹಿಂದೂ ಮನೆಗಳಲ್ಲೆಲ್ಲ ನಡೆದುಬಂತು. ಮುಂದೆ ಬಿಜ್ಜಳನ ಕಾಲಕ್ಕೆ ಅದೇ ಊರಲ್ಲಿ ಬಸವಣ್ಣನವರು ದುಡಿದದ್ದನ್ನು ಹಂಚಿ ಉಣ್ಣುವ ದಾಸೋಹದ ಮಾತೆತ್ತಿದರು. ಹುಟ್ಟಿನಿಂದ ಮೇಲುಕೀಳಿಲ್ಲ ಎಂದವರ ಮುಂದೆ ಹುಟ್ಟಿನಿಂದ ಬಂದ ಆಸ್ತಿಯ ಹಕ್ಕು ನಿಲ್ಲುತ್ತದೆಯೇ?

ನನ್ನ ಮುಂದೆ ಈ ಪ್ರಶ್ನೆ ಬಂದು ಕೂರುವುದು ಹೆಣ್ಣುಮಕ್ಕಳ ರೂಪದಲ್ಲಿ. ಹುಮನಾಬಾದಿಗೆ ಕೊಟ್ಟ ಹೆಣ್ಣುಮಗಳೊಬ್ಬಳು ತವರಿನ ತೊಗರಿ ಹೊಲದ ಪಾಲು ಬಿಟ್ಟುಕೊಡಲು ಬಂದಿದ್ದಳು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಹುಟ್ಟಿನ ಹಕ್ಕು ಆಕೆಗೂ ಉಂಟು. "ಬರೀರಿ ಕಾಕಾ, ಇಲ್ಲಂದ್ರ ಹಬ್ಬಕ್ಕ ತವರಿಗಿ ಯಾರು ಕರೀತಾರ?" ಎಂದಳು. ಪಕ್ಕದಲ್ಲಿದ್ದ ಅಣ್ಣ, "ನಮ್ಮ ತಂಗೀದು ದಾಸೋಹದ ಮನಸ್ಸು" ಎಂದ.

ಆ ಮಾತು ನನಗೆ ಸೇರಲಿಲ್ಲ. ಶರಣರು ದುಡಿದು ತಮ್ಮ ಕೈಯಾರೆ ನೀಡಿದವರು. ಕೈಗೇ ಬಾರದ್ದನ್ನು ತವರು ತಪ್ಪೀತೆಂಬ ಅಂಜಿಕೆಯಿಂದ ಬಿಡುವುದು ದಾಸೋಹವಲ್ಲ. ವಿಜ್ಞಾನೇಶ್ವರ ಮಗನಿಗೆ ಹೇಳಿದ ಹಕ್ಕು ಮಗಳ ಕೈಗೂ ಬರಲಿ. ಕೊಡುವ ಮಾತು ಆಮೇಲೆ, ಅದೂ ಅವಳ ಬಾಯಿಂದ. ಅಣ್ಣನಿಗಾದರೆ ದಾಸೋಹವೇ ಮೊದಲಿನ ಪಾಠ. ಹೊಲ ಅವನ ಕೈಯಲ್ಲಿ ಆಗಲೇ ಇದೆಯಲ್ಲ.

ಇಂಥ ಪತ್ರಕ್ಕೆ ಬಂದವರಿಗೆ ಈಗ ನಾನು ಮೊದಲು ಪಹಣಿ ಓದಿ ಹೇಳುತ್ತೇನೆ: ಸರ್ವೆ ನಂಬರು, ಎಕರೆ, ಗುಂಟೆ. ಜೊತೆಗೆ ಇವತ್ತಿನ ಬೆಲೆಯನ್ನೂ ತಿಳಿಸುತ್ತೇನೆ. ಅಷ್ಟು ಹೊತ್ತು ಅಣ್ಣತಮ್ಮಂದಿರು ಹೊರಗೆ ಕೂರಬೇಕು.