ಸಮುದಾಯದ ಒಪ್ಪಿಗೆ ಎಂದರೆ ಯಾರ ಒಪ್ಪಿಗೆ?

ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯವನ್ನು ತೊಡೆದುಹಾಕುವ ಒಡಂಬಡಿಕೆಯನ್ನು ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1979ರ ಡಿಸೆಂಬರ್ 18ರಂದು ಅಂಗೀಕರಿಸಿತು. 1981ರಲ್ಲಿ ಅದು ಜಾರಿಗೆ ಬಂತು. ‘ಸೀಡಾ’ ಎಂಬ ಚಿಕ್ಕ ಹೆಸರಿನ ಈ ಒಡಂಬಡಿಕೆಗೆ ಸೇರಿದ ಸರ್ಕಾರಗಳು ನಾಲ್ಕು ವರ್ಷಕ್ಕೊಮ್ಮೆ ವರದಿ ಒಪ್ಪಿಸಬೇಕು. 23 ತಜ್ಞರ ಸಮಿತಿಯೊಂದು ಆ ವರದಿಯನ್ನು ಪರಿಶೀಲಿಸಿ, ಸರ್ಕಾರದ ಪ್ರತಿನಿಧಿಗಳನ್ನು ಪ್ರಶ್ನಿಸಿ, ಆಗಬೇಕಾದ ಬದಲಾವಣೆಗಳನ್ನು ಶಿಫಾರಸು ಮಾಡುತ್ತದೆ. ದಂಡ ವಿಧಿಸುವ ಅಧಿಕಾರ ಅದಕ್ಕಿಲ್ಲ.

ಮತದಾನ, ಶಿಕ್ಷಣ, ಉದ್ಯೋಗಗಳ ಮಟ್ಟಿಗೆ ಹೆಚ್ಚಿನ ಸರ್ಕಾರಗಳಿಗೆ ತಕರಾರಿರಲಿಲ್ಲ. ಆದರೆ ಒಡಂಬಡಿಕೆ ಮನೆಯೊಳಕ್ಕೂ ಕಾಲಿಡುತ್ತದೆ. ಹೆಣ್ಣನ್ನು ಕೀಳಾಗಿ ಕಾಣುವ ರೂಢಿಗಳನ್ನು ಬದಲಿಸಬೇಕೆಂದು 5ನೇ ವಿಧಿ ಹೇಳಿದರೆ, ಮದುವೆ, ವಿಚ್ಛೇದನ, ಮಕ್ಕಳ ಪೋಷಣೆಗಳಲ್ಲಿ ಸಮಾನ ಹಕ್ಕನ್ನು 16ನೇ ವಿಧಿ ಕೇಳುತ್ತದೆ. ಧರ್ಮ ಎದುರಾಗುವುದು ಇಲ್ಲಿಯೇ. ಹಲವು ಅರಬ್ ದೇಶಗಳು ಷರಿಯತ್ತನ್ನು ಮುಂದಿಟ್ಟು ಈ ವಿಧಿಗೆ ಷರತ್ತು ಹಾಕಿದವು. ಇಸ್ರೇಲ್ ತನ್ನಲ್ಲಿನ ಧಾರ್ಮಿಕ ಸಮುದಾಯಗಳ ವೈಯಕ್ತಿಕ ಕಾನೂನುಗಳನ್ನು ಹೊರಗಿಟ್ಟಿತು. 1993ರಲ್ಲಿ ಒಡಂಬಡಿಕೆಯನ್ನು ಸ್ಥಿರೀಕರಿಸಿದ ಭಾರತ, ಯಾವುದೇ ಸಮುದಾಯ ತಾನಾಗಿ ಮುಂದೆ ಬಂದು ಒಪ್ಪದ ಹೊರತು ಅದರ ವೈಯಕ್ತಿಕ ವಿಷಯಗಳಲ್ಲಿ ಕೈಹಾಕುವುದಿಲ್ಲ ಎಂದು ಘೋಷಿಸಿತು.

ಈ ಘೋಷಣೆಯ ಹಿಂದಿನ ತರ್ಕವನ್ನು ಹಗುರವಾಗಿ ತಳ್ಳಿಹಾಕಲಾಗದು. ಒಂದು ಧರ್ಮದ ಅರ್ಥವನ್ನು ಅದನ್ನು ನಂಬಿ ಬದುಕುವವರೇ ನಿರ್ಣಯಿಸಬೇಕು. ಹೊರಗಿನವರು ಹೇರಿದ ಸಮಾನತೆ, ಅಲ್ಪಸಂಖ್ಯಾತರ ಪಾಲಿಗಂತೂ, ಬಹುಸಂಖ್ಯಾತರ ದಬ್ಬಾಳಿಕೆಯಾಗಿ ಪರಿಣಮಿಸಬಹುದು. ಆದರೆ ಸಮುದಾಯಕ್ಕೆ ಒಂದೇ ದನಿಯಿದೆ ಎಂದು ಈ ತರ್ಕ ಊಹಿಸಿಕೊಳ್ಳುತ್ತದೆ. ಆ ದನಿ ಬಹುಪಾಲು ಧರ್ಮಗುರುಗಳದ್ದು, ಅಂದರೆ ಗಂಡಸರದ್ದು. ತಾರತಮ್ಯ ಉಣ್ಣುವ ಹೆಣ್ಣೂ ಅದೇ ಧರ್ಮವನ್ನು ನಂಬಿದವಳು, ಅದೇ ಗ್ರಂಥವನ್ನು ಓದಬಲ್ಲವಳು. ಅವಳನ್ನು ಕೇಳದೆ ಪಡೆದ ಒಪ್ಪಿಗೆ ಸಮುದಾಯದ ಒಪ್ಪಿಗೆಯಾಗಲಾರದು.

ಮೊರಾಕ್ಕೊದ ಅನುಭವ ಈ ಮಾತಿಗೆ ಬಲ ಕೊಡುತ್ತದೆ. ಅಲ್ಲಿನ ಮಹಿಳಾ ಸಂಘಟನೆಗಳು ದಶಕಗಳ ಕಾಲ ಹೋರಾಡಿದವು. ಕುಟುಂಬ ಕಾನೂನಾದ ‘ಮುದವ್ವನ’ವನ್ನು ಪರಿಷ್ಕರಿಸಲು ದೊರೆ ನೇಮಿಸಿದ ಆಯೋಗದಲ್ಲಿ ಧರ್ಮಪಂಡಿತರ ಜೊತೆ ಮಹಿಳೆಯರೂ ಕುಳಿತರು. 2004ರ ಹೊಸ ಕಾನೂನು ಹೆಣ್ಣಿನ ಮದುವೆಯ ವಯಸ್ಸನ್ನು 15ರಿಂದ 18ಕ್ಕೆ ಏರಿಸಿತು, ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕೆಂಬ ನಿಯಮವನ್ನು ಕೈಬಿಟ್ಟು ಸಂಸಾರದ ಹೊಣೆಯನ್ನು ಇಬ್ಬರಿಗೂ ಹಂಚಿತು. ಇವೆಲ್ಲಕ್ಕೂ ಆಧಾರವನ್ನು ಇಸ್ಲಾಮಿನ ಒಳಗಿನಿಂದಲೇ ತೋರಿಸಲಾಗಿತ್ತು. 2011ರಲ್ಲಿ ಮೊರಾಕ್ಕೊ 16ನೇ ವಿಧಿಯ ಮೇಲಿನ ತನ್ನ ಷರತ್ತನ್ನು ಹಿಂತೆಗೆದುಕೊಂಡಿತು. ಉತ್ತರಾಧಿಕಾರದ ಅಸಮಾನ ಪಾಲು ಮಾತ್ರ ಹಾಗೆಯೇ ಉಳಿಯಿತು. ವಿಶ್ವಸಂಸ್ಥೆಯ ಒತ್ತಡವೊಂದರಿಂದಲೇ ಇದು ಆಗುತ್ತಿರಲಿಲ್ಲ. ಒಳಗೆ ಹೋರಾಡುತ್ತಿದ್ದವರಿಗೆ ತಮ್ಮ ಸರ್ಕಾರವೇ ಸಹಿ ಹಾಕಿದ ಮಾತನ್ನು ಎತ್ತಿ ಹಿಡಿಯುವ ಅವಕಾಶವನ್ನು ಒಡಂಬಡಿಕೆ ಒದಗಿಸಿತು.

ಭಾರತದಲ್ಲಿ ಈ ಕೆಲಸ ಹೆಚ್ಚಾಗಿ ನ್ಯಾಯಾಲಯಗಳ ಮೂಲಕ ನಡೆದಿದೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ಬಗ್ಗೆ ದೇಶದಲ್ಲಿ ಕಾನೂನೇ ಇಲ್ಲದಿದ್ದಾಗ, 1997ರ ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸೀಡಾವನ್ನು ಆಧರಿಸಿ ಮಾರ್ಗಸೂಚಿ ರೂಪಿಸಿತು. ಸಂಸತ್ತು ಕಾಯ್ದೆ ಮಾಡಿದ್ದು 2013ರಲ್ಲಿ. ದಿಢೀರ್ ತ್ರಿವಳಿ ತಲಾಖನ್ನು 2017ರಲ್ಲಿ ಅದೇ ನ್ಯಾಯಾಲಯ ರದ್ದುಪಡಿಸಿದ್ದು ಮುಸ್ಲಿಂ ಮಹಿಳೆಯರೇ ಹೂಡಿದ ಅರ್ಜಿಗಳ ಮೇಲೆ. ಸಮುದಾಯ ತಾನಾಗಿ ಮುಂದೆ ಬರಬೇಕೆಂದು 1993ರ ಘೋಷಣೆ ಕೇಳಿತ್ತು; ಆ ಅರ್ಜಿದಾರರು ಮುಂದೆ ಬಂದದ್ದು ಸಮುದಾಯದ ಒಳಗಿನಿಂದಲೇ.